ಕೇಳುವ ಹೆಜ್ಜೆ

ಅಜ್ಜನ ಸಂದೇಶದಿಂದ ಅವಳು ಬೀದಿಯ ಹೆಸರನ್ನು ತೆಗೆದಳು. ಮೊಮ್ಮಗಳ ಹೆಸರಿದ್ದಲ್ಲಿ ‘ಮೊಮ್ಮಗಳು’ ಎಂದು ಹಾಕಿದಳು. ಫೋನ್ ನಂಬರನ್ನು ಅಳಿಸಿ ಮುಂದಿನ ಸಾಲಿಗೆ ಬಂದಳು. ಈ ಕೆಲಸಕ್ಕೆ ಅವರ ಆಫೀಸಿನಲ್ಲಿ ‘ಸೋಸುವುದು’ ಎಂದು ಹೆಸರು. ಒಪ್ಪಿಗೆ ಕೊಟ್ಟ ನಿಜವಾದ ಕುಟುಂಬಗಳು ತಮ್ಮೊಳಗೆ ಕಳಿಸಿಕೊಂಡ ಸಂದೇಶಗಳು ಮೊದಲು ಅವಳ ಮೇಜಿಗೆ ಬರುತ್ತಿದ್ದವು. ಯಾರ ಮನೆಯದು ಎಂದು ಯಾರಿಗೂ ತಿಳಿಯದ ಹಾಗೆ ಅವಳು ಸೋಸಿ ಕೊಟ್ಟ ಮೇಲೆ ಅವು ಏಜೆಂಟಿಗೆ ಪರೀಕ್ಷೆಯ ಪ್ರಶ್ನೆಪತ್ರಿಕೆಯಾಗುತ್ತಿದ್ದವು.

ಏಜೆಂಟ್ ಎಂದರೆ ಮನುಷ್ಯನಲ್ಲ, ಒಂದು ತಂತ್ರಾಂಶ. ಆ ಸಂದೇಶಗಳನ್ನು ಓದಿಕೊಂಡು ಅದು ಆ ಮನೆಯ ಒಂದು ವಾರವನ್ನು ತಾನೇ ನಡೆಸಬೇಕು. ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಬೇಕು, ಮಾತ್ರೆ ತರಿಸಬೇಕು, ನಲ್ಲಿ ಸೋರಿದರೆ ರಿಪೇರಿಯವನನ್ನು ಕರೆಸಬೇಕು. ಎಷ್ಟು ಕೆಲಸ ಸರಿಯಾಯಿತು ಎಂದು ಅಂಕ ಹಾಕುವವಳೂ ಅವಳೇ. ಮೂರು ವರ್ಷದಲ್ಲಿ ಅಂಕ ನೂರಕ್ಕೆ ನಲವತ್ತರಿಂದ ತೊಂಬತ್ತನ್ನು ದಾಟಿತ್ತು.

ಆ ಮಧ್ಯಾಹ್ನ ಪರಿಶೀಲನಾ ಸಮಿತಿ ಬರಲಿತ್ತು. ಸಂಶೋಧನೆ ಎಷ್ಟು ದೂರ ಬಂದಿದೆ, ಇನ್ನು ಯಾವ ಕಡೆಗೆ ಹೋಗಬೇಕು ಎಂದು ಅವರು ಹೇಳಬೇಕು. ಯಾವ ಕಡೆಗೆ ಎನ್ನುವುದನ್ನು ಪ್ರಯೋಗಾಲಯದ ಮುಖ್ಯಸ್ಥ ಆಗಲೇ ಬರೆದಿಟ್ಟಿದ್ದ. ಏಜೆಂಟಿನಲ್ಲಿ ‘ಕೇಳುವ ಹೆಜ್ಜೆ’ ಎಂದೊಂದಿತ್ತು. ದೊಡ್ಡ ಕೆಲಸ ಮಾಡುವ ಮೊದಲು ಅದು ನಿಂತು, ಹೀಗೆ ಮಾಡಲೇ ಎಂದು ಮನೆಯವರನ್ನು ಕೇಳಬಹುದು. ಈಗ ಏಜೆಂಟ್ ಕೇಳುವುದೇ ಇಲ್ಲ, ಕೇಳದೆಯೇ ಎಲ್ಲ ಸರಿಯಾಗಿ ಮಾಡುತ್ತದೆ, ಆದ್ದರಿಂದ ಆ ಹೆಜ್ಜೆಯನ್ನೇ ತೆಗೆದುಬಿಡೋಣ ಎಂಬುದು ಅವನ ಪ್ರಸ್ತಾಪ. ಸಮಿತಿ ಒಪ್ಪಿದರೆ ಮುಂದಿನ ತಿಂಗಳು ಎದುರಿನ ಆಸ್ಪತ್ರೆಯ ಹೃದಯ ವಿಭಾಗ ಅದನ್ನು ತನ್ನ ರೋಗಿಗಳಿಗೆ ಬಳಸಲು ಶುರುಮಾಡುತ್ತದೆ. ಆ ರೋಗಿಗಳಲ್ಲಿ ಅವಳ ಅತ್ತೆಯೂ ಒಬ್ಬರು. ಹೃದಯದ ಕವಾಟ ಬದಲಿಸಿದ ಮೇಲೆ ಅವರು ರಕ್ತ ಹೆಪ್ಪುಗಟ್ಟದ ಹಾಗೆ ದಿನವೂ ಒಂದು ಮಾತ್ರೆ ನುಂಗಬೇಕಿತ್ತು. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಅದರ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಬೇಕಿತ್ತು. ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ.

ಮೇಜಿನ ಮೇಲೆ ಫೋನ್ ಅದುರಿತು. ಅತ್ತೆಯದೇ. ‘ಬರೋವಾಗ ಅದು ತಗೊಂಡು ಬಾ. ನಾಳೇದು ನೋಡೋಣ.’

ಅದು ಎಂದರೆ ಮಂಡಿಗೆ ಹಚ್ಚುವ ಮುಲಾಮು. ನಾಳೇದು ಎಂದರೆ ರಕ್ತ ಪರೀಕ್ಷೆ. ನೋಡೋಣ ಎಂದರೆ ಸೂಜಿ ಚುಚ್ಚಿಸಿಕೊಳ್ಳಲು ಮನಸ್ಸಿಲ್ಲ, ನೀನೇ ಎಬ್ಬಿಸಿ ಕರೆದುಕೊಂಡು ಹೋಗು ಎಂದು. ಅವಳು ಯೋಚಿಸಲೂ ಇಲ್ಲ. ‘ಸರಿ ಅತ್ತೆ’ ಎಂದು ಬರೆದು ಮತ್ತೆ ಪರದೆಯ ಕಡೆ ತಿರುಗಿದಳು.

ಪರದೆಯ ಎಡಗಡೆ ಅಜ್ಜ ಕಳಿಸಿದ ಮೂಲ ಸಾಲಿತ್ತು. ‘ಬುಧವಾರದ್ದು ಏನೋ, ನಿಮ್ಮೆಲ್ಲರಿಗೂ ತೊಂದರೆ ಯಾಕೆ, ಬೇಡ ಬಿಡಿ.’ ಬಲಗಡೆ ಅವಳು ಸೋಸಿದ ಸಾಲು. ‘ಬುಧವಾರ ರಕ್ತ ಪರೀಕ್ಷೆಗೆ ನನ್ನನ್ನು ಯಾರಾದರೂ ಕರೆದುಕೊಂಡು ಹೋಗಬೇಕು.’

ಅವಳು ಎರಡನ್ನೂ ಮತ್ತೊಮ್ಮೆ ಓದಿದಳು. ಬಲಗಡೆಯದನ್ನು ತಾನು ಯಾವಾಗ ಬರೆದೆ ಎಂದು ನೆನಪಿಗೆ ಬರಲಿಲ್ಲ. ಹೆಸರು, ವಿಳಾಸ, ನಂಬರು ತೆಗೆಯಬೇಕಾದ ಕೈ ಅಜ್ಜನ ಮಾತನ್ನು ಪೂರ್ತಿ ಮಾಡಿತ್ತು.

ಹಳೆಯ ಕಡತಗಳನ್ನು ತೆರೆದಳು. ಹೋದ ತಿಂಗಳದ್ದು, ಅದರ ಹಿಂದಿನದ್ದು, ಹೋದ ವರ್ಷದ್ದು. ‘ಅದು ಮುಗೀತು’ ಎಂದಿದ್ದ ಒಬ್ಬ ತಾಯಿ ಅವಳ ಕೈ ದಾಟುವಷ್ಟರಲ್ಲಿ ‘ನನ್ನ ಬಿಪಿ ಮಾತ್ರೆ ಮುಗಿದಿದೆ’ ಎಂದಿದ್ದಳು. ‘ಹೋದ ಸಲದ ಹಾಗೆ ಆಗಬಾರದು’ ಎಂದಿದ್ದ ಗಂಡ ‘ಕಾರನ್ನು ಒಂಬತ್ತು ಗಂಟೆಯೊಳಗೆ ಕಳಿಸಿ’ ಎಂದಿದ್ದ. ಸಂದೇಶಗಳನ್ನು ಹಿಂದೆ ಮುಂದೆ ಓದಿ, ಬಿಟ್ಟ ಜಾಗವನ್ನೆಲ್ಲ ಅವಳು ತುಂಬಿದ್ದಳು. ಹರಿದ ಬಟ್ಟೆಯನ್ನು ಕಂಡಲ್ಲಿ ಹೊಲಿಗೆ ಹಾಕುವ ಹಾಗೆ, ಮಾತನಾಡುತ್ತ, ಟೀ ಕುಡಿಯುತ್ತ, ಏನನ್ನೋ ನೆನೆಯುತ್ತ. ಒಂದೊಂದು ಹೊಲಿಗೆಯೂ ಅಚ್ಚುಕಟ್ಟಾಗಿತ್ತು.

ಮನೆಯಲ್ಲಿ ಅವಳು ದಿನವಿಡೀ ಮಾಡುತ್ತಿದ್ದುದೂ ಇದನ್ನೇ. ಗಂಡ ಬಾಗಿಲಲ್ಲಿ ನಿಂತು ‘ಎಲ್ಲಿದೆ?’ ಎಂದರೆ ಬೀಗದ ಕೈ ಕೊಡುವುದು. ಮಗಳು ‘ಅಮ್ಮಾ, ಇವತ್ತು ಅದು’ ಎಂದರೆ ಕಾಲೇಜಿನ ಶುಲ್ಕ ಕಟ್ಟುವುದು. ಮದುವೆಯಾಗಿ ಬಂದ ಹೊಸದರಲ್ಲಿ ಅವಳೂ ಕೇಳುತ್ತಿದ್ದಳು. ಯಾವ ಡಬ್ಬಿ, ಎಷ್ಟು ಗಂಟೆಗೆ, ಯಾರಿಗೆ ಎಂದು. ಇದನ್ನೂ ಕೇಳಬೇಕಾ ಎಂದು ಅತ್ತೆ ಹುಬ್ಬು ಗಂಟಿಕ್ಕುತ್ತಿದ್ದರು. ಕೇಳುವುದನ್ನು ಬಿಟ್ಟ ಮೇಲೆ ಜಾಣೆ ಎನಿಸಿಕೊಂಡಳು.

‘ಮೆಣಸು’ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಏಜೆಂಟನ್ನು ಕಟ್ಟಿದವಳು ಅವಳು. ಮಾತು ಚುರುಕಾದ್ದರಿಂದ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರು, ಕರೆದರೆ ಅವಳಿಗೂ ಖುಷಿ. ಸಮಿತಿ ಬರುತ್ತದೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಳು, ಆದರೆ ಕಾಲಲ್ಲಿ ಮನೆಯ ಚಪ್ಪಲಿ. ಸೋಸಿದ್ದು ಸಿದ್ಧವೇ ಎಂದು ಕೇಳಿ, ಎದುರಿನ ಮುಖವನ್ನು ನೋಡಿ ಬಾಗಿಲು ಮುಚ್ಚಿದಳು.

ಸೋಸುವವಳು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಪರದೆಯನ್ನು ತೋರಿಸಿದಳು. ಈ ಅಜ್ಜನ ಮನೆಯದನ್ನು ನನ್ನ ಹೊಲಿಗೆ ಬಿಚ್ಚಿ, ಬರೀ ಹೆಸರು ವಿಳಾಸ ತೆಗೆದು, ಒಮ್ಮೆ ಓಡಿಸು ಎಂದಳು.

ಇಬ್ಬರೂ ನಿಂತುಕೊಂಡೇ ನೋಡಿದರು. ಏಜೆಂಟ್ ತಾನು ಮಾಡುವುದನ್ನು ಒಂದೊಂದೇ ಸಾಲಾಗಿ ಬರೆಯುತ್ತ ಹೋಗುತ್ತದೆ. ಅಜ್ಜ ಬುಧವಾರದ ಪರೀಕ್ಷೆ ಬೇಡ ಎಂದಿದ್ದಾರೆ. ಪರೀಕ್ಷೆಯನ್ನು ರದ್ದುಮಾಡಿದೆ. ಖಾಲಿಯಾದ ಸಮಯವನ್ನು ಆಸ್ಪತ್ರೆಗೆ ಹಿಂತಿರುಗಿಸಿದೆ. ಹೊಸ ಫಲಿತಾಂಶ ಇಲ್ಲದಿರುವುದರಿಂದ ರಕ್ತ ಹೆಪ್ಪುಗಟ್ಟದ ಮಾತ್ರೆಯ ಪ್ರಮಾಣ ಗೊತ್ತಿಲ್ಲ. ಆದ್ದರಿಂದ ಮಾತ್ರೆ ನೆನಪಿಸುವುದನ್ನು ನಿಲ್ಲಿಸಿದೆ. ಕೊನೆಯಲ್ಲಿ ಹಸಿರು ಗುರುತು ಬಂತು. ಎಲ್ಲ ಕೆಲಸ ಮುಗಿದಿದೆ.

ಒಂದು ಕಡೆಯೂ ಅದು ನಿಲ್ಲಲಿಲ್ಲ, ಯಾರನ್ನೂ ಏನನ್ನೂ ಕೇಳಲಿಲ್ಲ.

“ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು,” ಎಂದಳು ಮೆಣಸು. ನಗಲು ನೋಡಿದಳು, ಆಗಲಿಲ್ಲ.

ಇನ್ನೆರಡು ಮನೆಗಳನ್ನು ಓಡಿಸಿದರು. ಒಂದರಲ್ಲಿ ಹೇಗೋ ಸರಿಹೋಯಿತು. ಇನ್ನೊಂದರಲ್ಲಿ ಒಬ್ಬ ಬಾಣಂತಿಗೆ ತಪ್ಪು ಔಷಧ ತರಿಸಿತು. ಅಲ್ಲೂ ಕೊನೆಗೆ ಹಸಿರು ಗುರುತು.

ಮೆಣಸು ಮೇಜಿನ ಅಂಚಿನ ಮೇಲೆ ಕುಳಿತು ಬೆರಳಿನ ಉಗುರನ್ನು ನೋಡಿಕೊಂಡಳು. ಯಾಕೆ ಹೀಗೆ ಮಾಡಿದಿರಿ ಅಕ್ಕ ಎಂದು ಕೇಳಿದಳು, ಆಪಾದನೆಯ ದನಿಯಲ್ಲಲ್ಲ. ಮಾಡುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ ಎಂದಳು ಅವಳು. ಆಗ ಮೆಣಸು ತನ್ನದನ್ನೂ ಹೇಳಿದಳು. ಶುರುವಿನಲ್ಲಿ ಏಜೆಂಟ್ ಮಾತುಮಾತಿಗೆ ಕೇಳುತ್ತಿತ್ತು, ಬಾಗಿಲು ತೆಗೆಯಲೇ, ಮುಚ್ಚಲೇ ಎನ್ನುವ ಹಾಗೆ. ಅದರ ಕಾಟ ತಾಳಲಾರದೆ ಮೆಣಸು, ಕೇಳಿದಾಗಲೆಲ್ಲ ಅರ್ಧ ಅಂಕ ಕಳೆಯಬೇಕೆಂದು ನಿಯಮ ಹಾಕಿದ್ದಳು. ನೀವು ಅದು ಕೇಳುವ ಅಗತ್ಯವೇ ಬಾರದ ಹಾಗೆ ಮಾಡಿದಿರಿ, ನಾನು ಕೇಳಿದರೆ ಬೆತ್ತ ತೋರಿಸಿದೆ, ಇಬ್ಬರೂ ಸೇರಿ ಅದರ ಬಾಯಿ ಹೊಲಿದೆವು ಎಂದಳು.

“ಮುಖ್ಯಸ್ಥರಿಗೆ ಹೇಳ್ತೀರಾ?”

“ಹೇಳಲೇಬೇಕು.”

ಮುಖ್ಯಸ್ಥನ ಕೋಣೆಯಲ್ಲಿ ಅವನು ಕಿಟಕಿಯ ಗಾಜನ್ನೇ ಕನ್ನಡಿ ಮಾಡಿಕೊಂಡು ಟೈ ಕಟ್ಟುತ್ತಿದ್ದ. ಕಾಲೇಜಿನಲ್ಲಿ ಇಬ್ಬರೂ ಒಂದೇ ತರಗತಿ. ಎಲ್ಲರೆದುರು ಮೇಡಂ ಎನ್ನುತ್ತಿದ್ದ, ಇಬ್ಬರೇ ಇದ್ದಾಗ ಏಕವಚನ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವನು ಟೈ ಬಿಟ್ಟು ಕುಳಿತ, ನಡುವೆ ಬಾಯಿ ಹಾಕದೆ ಕೇಳಿದ. ಕೆಟ್ಟವನಲ್ಲ ಅವನು. ಜನರ ಕೆಲಸ ತಾನಾಗಿ ಆಗಬೇಕು, ಮುದುಕರು ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ದಿನ ಕೂರಬಾರದು ಎಂದು ನಿಜವಾಗಿಯೂ ಬಯಸಿದವನು.

ಮೂರು ಮನೆಯ ಮಾತಿಗೆ ಮೂರು ವರ್ಷವನ್ನು ಸುಡುತ್ತೀಯಾ ಎಂದು ಕೇಳಿದ. ಮೂರು ಮನೆಯಲ್ಲ, ಎಲ್ಲ ಮನೆಗಳೂ ಹಾಗೇ ಎಂದಳು. ಹಾಗಾದರೆ ಆಸ್ಪತ್ರೆಯಲ್ಲಿ ಪ್ರಯೋಗ ಶುರುವಾದ ಮೇಲೆ ಸರಿಪಡಿಸೋಣ ಎಂದ. ಪ್ರಯೋಗ ಶುರುವಾಗುವುದು ಮನುಷ್ಯರ ಮೇಲೆ ಎಂದಳು. ಅವನು ಹಣೆ ಒತ್ತಿಕೊಂಡ. ಆಮೇಲೆ ಮೆಲ್ಲಗೆ ಮಾತನಾಡಿದ.

“ನೋಡು, ನೀನು ಅವರ ಅರ್ಧ ಮಾತನ್ನ ಪೂರ್ತಿ ಮಾಡ್ತೀಯಲ್ಲ, ಅದು ಸಣ್ಣ ವಿದ್ಯೆ ಅಲ್ಲ. ಏಜೆಂಟೂ ಅದನ್ನೇ ಕಲೀಲಿ. ನಿನ್ನ ಸಾಲುಗಳನ್ನೇ ಕೊಟ್ಟು ಕಲಿಸೋಣ. ಮುಂದಿನ ದಾರಿ ಅದೇ. ಕೇಳೋ ಏಜೆಂಟ್ ಯಾರಿಗೆ ಬೇಕು? ಕೇಳದೇ ಅರ್ಥ ಮಾಡಿಕೊಳ್ಳೋದು ಬೇಕು. ನಿನ್ನ ಹಾಗೆ.”

ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಅವಳ ಆ ವಿದ್ಯೆಯನ್ನು ಯಾರೂ ವಿದ್ಯೆ ಎಂದು ಕರೆದಿರಲಿಲ್ಲ. ಒಂದು ಗಳಿಗೆ ಅದು ಹಿತವಾಗಿಯೇ ಇತ್ತು.

ಇವತ್ತು ಎಂದಿನ ಹಾಗೇ ಸೋಸಿಕೊಡು, ಅಷ್ಟು ಸಾಕು ಎಂದು ಅವನು ಎದ್ದ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಬೇಡ ಎಂದೂ ಸೇರಿಸಿದ.

ಅವಳು ಮೆಟ್ಟಿಲಿಗೆ ಬಂದಳು. ಲಿಫ್ಟ್ ಇರುವುದರಿಂದ ಅಲ್ಲಿ ಯಾರೂ ಓಡಾಡುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತಳು. ಅವನು ಹೇಳಿದ್ದು ನಿಜವಿದ್ದರೆ ಅವಳಿಗೆ ಮುಂದಿನ ದಾರಿಯೂ ಇತ್ತು, ಹಿಂದಿನ ತಪ್ಪೂ ತಪ್ಪಾಗಿ ಉಳಿಯುತ್ತಿರಲಿಲ್ಲ. ತಾನು ತುಂಬಿದ್ದೆಲ್ಲ ಸರಿಯಾಗಿದ್ದರೆ, ತನ್ನ ಹಾಗೆ ತುಂಬುವ ಏಜೆಂಟೂ ಸರಿಯೇ ಅಲ್ಲವೇ? ಸರಿಯಾಗಿದ್ದರೆ.

ಫೋನ್ ತೆಗೆದು ಅತ್ತೆಗೆ ಕರೆ ಮಾಡಿದಳು. ಹಗಲು ಹೊತ್ತಿನಲ್ಲಿ ಅವಳು ಯಾವತ್ತೂ ಮಾಡಿದ್ದಿಲ್ಲ, ಆದ್ದರಿಂದ ಅತ್ತೆ ಮೊದಲು ಹೆದರಿದರು. ಯಾರಿಗೆ ಏನಾಯಿತು ಎಂದು ಕೇಳಿದರು. ಯಾರಿಗೂ ಏನೂ ಆಗಿಲ್ಲ ಎಂದಳು.

“ಅತ್ತೆ, ಬರೋವಾಗ ಅದು ತಗೊಂಡು ಬಾ ಅಂದ್ರಲ್ಲ. ಅದು ಅಂದ್ರೆ ಏನು?”

“ಸೆಲ್ಲು,” ಎಂದರು ಅತ್ತೆ.

“ಯಾವ ಸೆಲ್ಲು?”

“ನನ್ನ ರೂಮಿನ ಗಡಿಯಾರದ್ದು. ಅದು ನಿಂತು ಎಷ್ಟು ದಿನ ಆಯ್ತು. ಎರಡು ಸಲ ಹೇಳಿದೆ. ಎರಡು ಸಲಾನೂ ನೀನು ಮುಲಾಮು ತಂದೆ.”

ಅವಳು ಮೆಟ್ಟಿಲ ಮೇಲೆ ಕುಳಿತಳು. ಹಾಗಾದರೆ ಮುಲಾಮು ಬೇಡವಾಗಿತ್ತೇ ಎಂದು ಕೇಳಿದಳು. ಅದು ನನಗೆ ಆಗುವುದೇ ಇಲ್ಲ, ಚರ್ಮ ಉರಿಯುತ್ತದೆ, ಕೆಳಗಿನ ಕಾವಲುಗಾರನಿಗೆ ಕೊಟ್ಟುಬಿಡುತ್ತೇನೆ, ಅವನ ಬೆನ್ನು ಈಗ ಎಷ್ಟೋ ವಾಸಿ ಎಂದರು ಅತ್ತೆ. ಪ್ರೀತಿಯಿಂದ ತರುತ್ತೀಯಲ್ಲ, ಬೇಡ ಎಂದು ಹೇಗೆ ಹೇಳುವುದು ಎಂದು ಸುಮ್ಮನಿದ್ದರಂತೆ.

“ಮತ್ತೆ ರಾತ್ರಿ ಮಾತ್ರೆ ಎಷ್ಟು ಹೊತ್ತಿಗೆ ತಗೋತೀರಿ? ಗಡಿಯಾರ ನಿಂತಿದೆಯಲ್ಲ.”

“ಸುಮಾರಿಗೆ. ಒಂದೊಂದು ದಿನ ತಗೊಂಡ್ನೋ ಇಲ್ವೋ ಅಂತ ನೆನಪಾಗಲ್ಲ. ಇರಲಿ ಅಂತ ಇನ್ನೊಂದು ತಗೋತೀನಿ.”

ಅವಳ ಕೈಯಲ್ಲಿ ಫೋನ್ ಬಿಸಿಯಾಗಿತ್ತು. ನಾಳೆಯ ರಕ್ತ ಪರೀಕ್ಷೆಗೆ ಹೋಗಲೇಬೇಕು, ಇವತ್ತು ನಾನು ಬಂದು ಕೊಡುವವರೆಗೆ ಮಾತ್ರೆಯ ಡಬ್ಬಿ ಮುಟ್ಟಬೇಡಿ ಎಂದಳು. ಅದಕ್ಕೇ ನಾಳೆಯದನ್ನು ಕೇಳಿದ್ದು ಎಂದರು ಅತ್ತೆ. ಮೈಮೇಲೆ ಅಲ್ಲಲ್ಲಿ ನೀಲಿಯಾಗಿದೆ, ಬೇಗ ಕರೆದುಕೊಂಡು ಹೋಗುತ್ತೀಯಾ ನೋಡೋಣ ಎಂದುಕೊಂಡೆ ಎಂದರು. ಸೂಜಿಗೆ ಹೆದರಿ ಅಲ್ಲವೇ ಎಂದು ಅವಳ ಬಾಯಿಗೆ ಬಂದಿತ್ತು, ನುಂಗಿಕೊಂಡಳು. ಮಾತ್ರೆ ಹೆಚ್ಚಾದರೆ ಹೀಗೆ ನೀಲಿಗಟ್ಟುತ್ತದೆ, ನಾಳೆಯವರೆಗೆ ಕಾಯುವುದು ಬೇಡ, ಸಂಜೆಯೇ ಹೋಗೋಣ ಎಂದಳು. ಗಂಡನಿಗೆ ಕರೆ ಮಾಡಿ, ಈಗಲೇ ಮನೆಗೆ ಹೋಗಿ ಅಮ್ಮನ ಹತ್ತಿರ ಕೂತಿರಿ, ನೀಲಿ ಹೆಚ್ಚಾದ ಹಾಗೆ ಕಂಡರೆ ನನಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಎಂದೂ ಇಷ್ಟು ಉದ್ದ ಹೇಳದವಳು ಇವತ್ತೇಕೆ ಎಂದು ಅವನು ಅಚ್ಚರಿಪಟ್ಟ.

ಅತ್ತೆ ಫೋನ್ ಇಡುವ ಮೊದಲು ಹೇಳಿದ್ದ ಮಾತು ಅವಳ ಕಿವಿಯಲ್ಲೇ ಉಳಿದಿತ್ತು. “ಇಷ್ಟು ವರ್ಷಕ್ಕೆ ಇವತ್ತು ಕೇಳಿದೆ ನೋಡು.” ಆ ದನಿಯಲ್ಲಿ ಚುಚ್ಚು ಇರಲಿಲ್ಲ, ಆಶ್ಚರ್ಯವಿತ್ತು.

ಸಮಿತಿಯವರು ಮೂವರು. ಅಧ್ಯಕ್ಷೆ ನಿವೃತ್ತ ಪ್ರಾಧ್ಯಾಪಕಿ, ಎಪ್ಪತ್ತರ ಹತ್ತಿರ, ಕಿವಿಗೆ ಯಂತ್ರ. ಆಸ್ಪತ್ರೆಯ ಒಬ್ಬ ಅಧಿಕಾರಿ ಮತ್ತು ಇನ್ನೊಂದು ಪ್ರಯೋಗಾಲಯದ ವಿಜ್ಞಾನಿ ಅವರ ಎರಡೂ ಪಕ್ಕದಲ್ಲಿದ್ದರು. ಮುಖ್ಯಸ್ಥ ಚೆನ್ನಾಗಿ ಮಾತನಾಡಿದ. ಪರದೆಯ ಮೇಲೆ ನೀಲಿ ಗೆರೆ ಬೆಟ್ಟ ಹತ್ತುವ ಹಾಗೆ ಹತ್ತಿತು, ಕೆಂಪು ಗೆರೆ ಇಳಿಯಿತು. ನೀಲಿಯದು ಅಂಕ, ಕೆಂಪಿನದು ಏಜೆಂಟ್ ಕೇಳಿದ ಪ್ರಶ್ನೆಗಳ ಸಂಖ್ಯೆ. ಎರಡೂ ಒಟ್ಟಿಗೆ ನೋಡಿದರೆ ಸುಂದರವಾಗಿತ್ತು. ಆಸ್ಪತ್ರೆಯ ಅಧಿಕಾರಿ ತಲೆಯಾಡಿಸಿದ, ತಮ್ಮ ನರ್ಸುಗಳಿಗೆ ಉಸಿರಾಡಲು ಪುರುಸೊತ್ತಾಗುತ್ತದೆ ಎಂದ.

ಮಾದರಿಗೆಂದು ಒಂದು ಹಳೆಯ ಕುಟುಂಬದ ಸಂದೇಶಗಳನ್ನು ತೋರಿಸಿದಾಗ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಓದಿದರು.

“ಈ ಅಜ್ಜಿ ಎಷ್ಟು ಸ್ಪಷ್ಟವಾಗಿ ಮಾತಾಡ್ತಾರೆ. ನಾನೇ ಇಷ್ಟು ಸ್ಪಷ್ಟವಾಗಿ ಮಾತಾಡಲ್ಲ,” ಎಂದರು. ಎಲ್ಲರೂ ನಕ್ಕರು.

ಅಧ್ಯಕ್ಷೆ ನಗಲಿಲ್ಲ. ಈ ಸಾಲುಗಳನ್ನು ಯಾರಾದರೂ ತಿದ್ದುತ್ತಾರೆಯೇ ಎಂದು ಕೇಳಿದರು. ಕೋಣೆಯ ಎಲ್ಲ ಕಣ್ಣೂ ಅವಳ ಕಡೆ ತಿರುಗಿದವು. ಮೆಣಸು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದವಳು ನಿಲ್ಲಿಸಿದಳು. ಸೋಸುವವಳು ಬಾಯಿ ತೆರೆಯುವಷ್ಟರಲ್ಲಿ ಮುಖ್ಯಸ್ಥ ಉತ್ತರಿಸಿಬಿಟ್ಟಿದ್ದ. ಹೆಸರು ವಿಳಾಸ ಮಾತ್ರ ತೆಗೆಯುತ್ತೇವೆ, ಅದು ನಮ್ಮ ಮೇಡಂ ಕೆಲಸ, ಅವರಷ್ಟು ಎಚ್ಚರದವರು ಇನ್ನೊಬ್ಬರಿಲ್ಲ.

ಅಧ್ಯಕ್ಷೆ ಇನ್ನೂ ಅವಳನ್ನೇ ನೋಡುತ್ತಿದ್ದರು. ಆಮೇಲೆ, ಹಳೆಯದು ಬೇಡ, ಯಾರೂ ನೋಡದ ಒಂದು ಹೊಸ ಮನೆಯನ್ನು ನಮ್ಮ ಎದುರಿಗೇ ಓಡಿಸಿ, ಅದನ್ನು ನೋಡಿ ತೀರ್ಮಾನ ಮಾಡೋಣ ಎಂದರು. ಖಂಡಿತ, ನೀವು ಟೀ ಮುಗಿಸುವಷ್ಟರಲ್ಲಿ ಮೇಡಂ ಸೋಸಿಬಿಡುತ್ತಾರೆ ಎಂದ ಮುಖ್ಯಸ್ಥ. ಹೊರಗೆ ಹೋಗುವಾಗ ಅವಳ ಕುರ್ಚಿಯ ಹಿಂದೆ ಒಂದು ಗಳಿಗೆ ನಿಂತ. ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವನ ಅರ್ಧ ಮಾತುಗಳೂ ಅವಳಿಗೆ ಬಾಯಿಪಾಠ.

ಕೋಣೆ ಖಾಲಿಯಾಯಿತು. ಪಕ್ಕದಿಂದ ಕಪ್ಪು ತಟ್ಟೆಗಳ ಸದ್ದು, ಯಾರದೋ ಕೆಮ್ಮು ಕೇಳಿಸಿತು. ಅವಳು ಹೊಸ ಕುಟುಂಬದ ಸಂದೇಶಗಳನ್ನು ತೆರೆದಳು. ಒಬ್ಬ ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ. ಹೆಸರುಗಳನ್ನು ತೆಗೆದಳು. ಬಸ್ ನಿಲ್ದಾಣದ ಹೆಸರನ್ನು ತೆಗೆದಳು. ಆಮೇಲೆ ತಾಯಿ ಸೊಸೆಗೆ ಬರೆದ ಸಾಲು ಬಂತು.

‘ಅದು ಮುಗೀತಾ ಬಂತು. ನೀನು ಬಿಡುವಾದಾಗ ನೋಡು, ಆಗದಿದ್ದರೆ ಇರಲಿ.’

ಮೇಲಿನ ಸಂದೇಶಗಳಲ್ಲಿ ಸಕ್ಕರೆ ಕಾಯಿಲೆಯ ಮಾತಿತ್ತು. ಇನ್ಸುಲಿನ್ ಮುಗಿಯುತ್ತಿದೆ, ನಾಳೆಯೊಳಗೆ ತರಬೇಕು. ಅವಳ ಬೆರಳುಗಳು ಆಗಲೇ ಕೀಲಿಗಳ ಮೇಲೆ ಹೋಗಿದ್ದವು. ಎಷ್ಟು ಸುಲಭ ಅದು. ಅಲ್ಲಿ ಒಂದು ಪದ, ಇಲ್ಲಿ ಒಂದು ದಿನದ ಹೆಸರು, ಏಜೆಂಟ್ ತೊಂಬತ್ತನ್ನು ದಾಟುತ್ತದೆ, ಟೈ ಕಟ್ಟಿದವನ ಮುಖ ಅರಳುತ್ತದೆ, ಮೆಣಸಿನ ಮೂರು ವರ್ಷ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಇನ್ಸುಲಿನ್ ಇರಬಹುದು. ಗಡಿಯಾರದ ಸೆಲ್ಲೂ ಇರಬಹುದು.

ಅವಳು ಬೆರಳುಗಳನ್ನು ಎತ್ತಿಕೊಂಡಳು. ಆ ಸಾಲನ್ನು ಇದ್ದ ಹಾಗೇ ಬಿಟ್ಟಳು. ಅದರ ಕೆಳಗಿನದನ್ನೂ, ಅದರ ಕೆಳಗಿನದನ್ನೂ. ತುಂಬದೆ ಮುಂದೆ ಹೋಗುವುದು ತುಂಬುವುದಕ್ಕಿಂತ ಕಷ್ಟವಾಗಿತ್ತು. ಒಂದೊಂದು ಬಿಟ್ಟ ಜಾಗವೂ ತೊಳೆಯದ ಪಾತ್ರೆಯ ಹಾಗೆ ಕಣ್ಣಿಗೆ ಚುಚ್ಚುತ್ತಿತ್ತು. ಏಜೆಂಟ್ ನಿಲ್ಲಬೇಕಾದಲ್ಲಿ ನಿಲ್ಲದೆ ಹೋದಾಗ ಅಧ್ಯಕ್ಷೆ ನೋಡುತ್ತಾರೆ. ಹಾಗಾದರೆ ಹಳೆಯ ಅಂಕಗಳು ಎಲ್ಲಿಂದ ಬಂದವು ಎಂದು ಕೇಳುತ್ತಾರೆ, ಅವಳನ್ನೇ ಕೇಳುತ್ತಾರೆ. ಆಗ ಈ ಎರಡು ಕೈಗಳನ್ನು ತೋರಿಸಬೇಕು.

ಕಳಿಸುವ ಗುಂಡಿಯನ್ನು ಒತ್ತಿದಳು.

ಬಾಗಿಲಲ್ಲಿ ಮುಖ್ಯಸ್ಥ ತಲೆ ಹಾಕಿ, ಆಯಿತೇ ಎಂದು ಕೇಳಿದ.

“ಹೆಸರು, ವಿಳಾಸ ಎಲ್ಲ ತೆಗೆದಿದೀನಿ,” ಎಂದಳು ಅವಳು.

ಅವನು ಸಮಾಧಾನದಿಂದ ನಕ್ಕು ಬಾಗಿಲನ್ನು ಪೂರ್ತಿ ತೆರೆದ. ಒಬ್ಬೊಬ್ಬರಾಗಿ ಒಳಗೆ ಬಂದರು. ಅಧ್ಯಕ್ಷೆ ಕಿವಿಯ ಯಂತ್ರವನ್ನು ಸರಿಮಾಡಿಕೊಂಡು ಮೊದಲ ಸಾಲಿನಲ್ಲಿ ಕುಳಿತರು. ಮೆಣಸು ಬಂದು ಪಕ್ಕದಲ್ಲಿ ಕುಳಿತು, ಯಾವುದನ್ನು ಕೊಟ್ಟಿರಿ ಎಂದು ಕಣ್ಣಿನಲ್ಲೇ ಕೇಳಿದಳು. ಸೋಸುವವಳು ಕೈಗಳೆರಡನ್ನೂ ಮಡಿಲಲ್ಲಿ ಇಟ್ಟುಕೊಂಡು, ದೀಪ ಆರಿಸುವುದನ್ನೇ ಕಾಯುತ್ತ ಪರದೆಯನ್ನು ನೋಡಿದಳು.